ಬೇಣದ ಕೆಂಪುಚುಕ್ಕೆ ಪತಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ–ಸಿದ್ದಾಪುರದ ಬೇಣಗಳಿಂದ (ಹುಲ್ಲು ಕೊಯ್ಯುವ, ದನ ಮೇಯಿಸುವ ಬಯಲು) ಹಿಡಿದು ಕಾರವಾರದ ಮರಳು ದಂಡೆಯವರೆಗೆ, ಹುಲ್ಲಿರುವ ಬಯಲಲ್ಲಿ ಕಾಣುವ ಒಂದು ಪುಟ್ಟ ಪತಂಗದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಮೊದಲಿನವು ಹೊಸಬರಿಗೆ. ಮುಂದಿನವು ಹುಳ ಸಾಕುವವರಿಗೆ, ಲೆಕ್ಕ ಬರೆದಿಡುವವರಿಗೆ, ಬೇಣ ಇರುವವರಿಗೆ.

## ಗುರುತು

ಹುಲ್ಲಲ್ಲಿ ಕಾಲಿಟ್ಟರೆ ಬಿಳಿ ರೆಕ್ಕೆ ಮೇಲೆ ಕೆಂಪು, ಕಪ್ಪು ಚುಕ್ಕೆ ಇರೋ ಸಣ್ಣದೊಂದು ಎದ್ದು ಹಾರ್ತದೆ. ಅದೆಂತದು?

ಯುಟೆಥೀಸಾ ಪುಲ್ಚೆಲ್ಲಾ ಎಂಬ ಪತಂಗ. ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರಿಲ್ಲವಾದ್ದರಿಂದ ಇಲ್ಲಿ ಕೆಂಪುಚುಕ್ಕೆ ಪತಂಗ ಎಂದೇ ಕರೆಯೋಣ. ಲಿನೇಯಸ್ 1758ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ರೆಕ್ಕೆ ಬಿಚ್ಚಿದಾಗ ಆ ತುದಿಯಿಂದ ಈ ತುದಿಗೆ 29ರಿಂದ 42 ಮಿಲಿಮೀಟರ್. ಮುಂದಿನ ರೆಕ್ಕೆ ಕೆನೆಬಿಳಿ. ಅದರ ಮೇಲೆ ಸಾಲಾಗಿ ಕುಂಕುಮ ಬಣ್ಣದ ಮಚ್ಚೆ, ಅವುಗಳ ನಡುನಡುವೆ ಕರಿ ಚುಕ್ಕೆ. ಹಿಂದಿನ ರೆಕ್ಕೆ ಅಚ್ಚ ಬಿಳಿ, ಅಂಚಿಗೆ ಮಾತ್ರ ಅಂಕುಡೊಂಕಾದ ಕಪ್ಪು ಪಟ್ಟಿ. ಕೂತಾಗ ರೆಕ್ಕೆಯನ್ನು ಮೈಗೆ ಸುತ್ತಿಕೊಂಡಂತೆ ಮಡಚುವುದರಿಂದ ಉದ್ದನೆಯ ಸಣ್ಣ ಸುರುಳಿಯ ಹಾಗೆ ಕಾಣುತ್ತದೆ. ಹಾರಿದಾಗ ಹಿಂದಿನ ರೆಕ್ಕೆಯ ಬಿಳಿ ಹೊಳೆದು, ಕೂತ ಕೂಡಲೇ ಮಾಯವಾಗುತ್ತದೆ. ಎಷ್ಟೋ ಜನರಿಗೆ ಕೂತ ಜಾಗ ಸಿಗದೇ ಹೋಗುವುದು ಇದರಿಂದಲೇ.

ಹಗಲಲ್ಲೇ ಹಾರ್ತದಲ್ಲ, ಹಾಗಾದ್ರೆ ಚಿಟ್ಟೆಯೇ ಅಲ್ದಾ?

ಅಲ್ಲ. ಹಗಲು ಹಾರುವ ಪತಂಗಗಳು ಬೇಕಾದಷ್ಟಿವೆ. ಮೀಸೆ ನೋಡಿ: ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯಂತೆ ಗುಂಡಗೆ, ಇದರದ್ದು ತುದಿಯವರೆಗೂ ದಾರದ ಹಾಗೆ. ಹಾರಾಟವೂ ಬೇರೆ. ಚಿಟ್ಟೆ ಎತ್ತರಕ್ಕೇರಿ ದೂರ ಹೋಗುತ್ತದೆ. ಇದು ಮೊಳಕಾಲೆತ್ತರದಲ್ಲಿ ಹತ್ತಿಪ್ಪತ್ತು ಹೆಜ್ಜೆ ತೇಲಿ ಮತ್ತೆ ಹುಲ್ಲಿಗೆ ಬೀಳುತ್ತದೆ. ಹಗಲಲ್ಲಿ ಎಬ್ಬಿಸಿದರೆ ಏಳುತ್ತದೆ, ರಾತ್ರಿ ದೀಪಕ್ಕೂ ಬರುತ್ತದೆ. ಎರೆಬಿಡೇ ಕುಟುಂಬದ ಆರ್ಕ್ಟಿಯಿನೇ ಉಪಕುಟುಂಬ, ಅಂದರೆ ಟೈಗರ್ ಪತಂಗಗಳ ಬಳಗ ಇದರದ್ದು.

ಅದೇ ಗಿಡದಲ್ಲಿ ಕೇಸರಿ ಬಣ್ಣದ್ದೂ ಇತ್ತು. ಬಿಳಿ ಹೆಣ್ಣು, ಕೇಸರಿ ಗಂಡಾ?

ಎರಡೂ ಬೇರೆ ಬೇರೆ ಜಾತಿ. ಕೇಸರಿ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ, ಒಂದೊಂದು ಚುಕ್ಕೆಗೂ ತೆಳು ಬಣ್ಣದ ಬಳೆ ಇದ್ದರೆ ಅದು ಅರ್ಜಿನಾ ಆಸ್ಟ್ರಿಯಾ. ಅದರ ಹುಳವೂ ಇದರಂತೆಯೇ ಗಿಜಿಗಿಜಿ ಎಂಬ ಮೇವಿನ ಗಿಡದ (ಗುರುತು ಮುಂದೆ ಇದೆ) ಕಾಯಿ ಕೊರೆಯುತ್ತದೆ. ಹಾಗಾಗಿ ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ.

ನಿಜವಾಗಿ ತೊಡಕು ಕೊಡುವುದು ಯುಟೆಥೀಸಾ ಲೋಟ್ರಿಕ್ಸ್. ಅದೂ ಬಿಳಿ, ಅದಕ್ಕೂ ಕೆಂಪು–ಕಪ್ಪು ಚುಕ್ಕೆ. ಸಾಮಾನ್ಯವಾಗಿ ಅದರ ಕೆಂಪು ಸಣ್ಣದು, ಚದುರಿದಂತಿರುತ್ತದೆ. ಪುಲ್ಚೆಲ್ಲಾದ ಕೆಂಪು ದಪ್ಪ, ಚೌಕಾಕಾರ, ಅಡ್ಡಪಟ್ಟಿಯಾಗಿ ಕೂಡಿಕೊಂಡಂತೆ ಕಾಣುತ್ತದೆ. ಆದರೆ ಹಳೆಯದಾಗಿ ಪುಡಿ ಉದುರಿದ ರೆಕ್ಕೆಯಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ. ಖಚಿತವಾಗಿ ಹೇಳಲು ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅನುಮಾನವಿದ್ದರೆ ‘ಯುಟೆಥೀಸಾ ಜಾತಿ’ ಎಂದಷ್ಟೇ ಬರೆದಿಡಿ. ತಪ್ಪು ಹೆಸರಿಗಿಂತ ಅರ್ಧ ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದರ ಕಂಬಳಿಹುಳ ಮುಟ್ಟಿದ್ರೆ ತುರಿಸ್ತದಾ?

ಚುಚ್ಚುವ ವಿಷಮುಳ್ಳು ಇದಕ್ಕಿಲ್ಲ. ಮೈಮೇಲೆ ವಿರಳ ರೋಮ ಮಾತ್ರ. ಆದರೂ ಎಳೆ ಮಕ್ಕಳ, ಸೂಕ್ಷ್ಮ ಚರ್ಮದವರ ಕೈಗೆ ಕೊಡಬೇಡಿ. ಮುಟ್ಟಿದವರು ಸೋಪಿನಲ್ಲಿ ಕೈ ತೊಳೆಯಿರಿ. ಹುಳದ ಮೈಯಲ್ಲಿ ಗಿಡದ ಕಹಿವಿಷ ಇರುತ್ತದೆ, ಅದು ಬಾಯಿಗೆ ಹೋಗಬಾರದು. ಹುಳ ಬೂದುಗಪ್ಪು, ಬೆನ್ನ ನಡುವೆ ಬಿಳಿ ಗೆರೆ, ಎರಡೂ ಪಕ್ಕೆಗೆ ಬಿಳಿ ಪಟ್ಟಿ, ಒಂದೊಂದು ಗಂಟಿಗೂ ಕಿತ್ತಳೆಗೆಂಪು ಗುರುತು. ಕೊಟ್ಟಿಗೆ ಗೋಡೆ ಮೇಲೆ ಹರಿದಾಡುವ ದಟ್ಟ ರೋಮದ ಕಂಬಳಿಹುಳವೇ ಬೇರೆ.

## ಎಲ್ಲಿ, ಯಾವಾಗ

ಶಿರಸಿ ಕಡೆ ಎಲ್ಲಿ ಹುಡುಕಬೇಕು? ಕಾರವಾರದಲ್ಲಿ ಬೇಣವೇ ಇಲ್ಲ, ಅಲ್ಲಿ ಸಿಗ್ತದಾ?

ಹುಡುಕಬೇಕಾದ್ದು ಊರನ್ನಲ್ಲ, ಬಿಸಿಲು ನೇರವಾಗಿ ನೆಲಕ್ಕೆ ಬೀಳುವ ಜಾಗವನ್ನು. ಹುಲ್ಲು ಮೊಣಕಾಲಿನವರೆಗೆ, ನಡುನಡುವೆ ಬರಿ ನೆಲ, ಅಲ್ಲಲ್ಲಿ ಗಿಜಿಗಿಜಿ ಗಿಡ: ಈ ಮೂರೂ ಕೂಡಿದ ಕಡೆ ಪತಂಗ ಸಿಗುವ ಸಾಧ್ಯತೆ ಹೆಚ್ಚು.

ಘಟ್ಟದ ಮೇಲೆ ಇಂಥ ಜಾಗ ಎಂದರೆ ಬೇಣ, ಹಕ್ಕಲು, ಗೋಮಾಳ, ಸೊಪ್ಪಿನಬೆಟ್ಟದ ಮರವಿಲ್ಲದ ನೆತ್ತಿ, ಕೆರೆ ಏರಿ. ಬನವಾಸಿ ಕಡೆ ಹೋದರೆ ಗದ್ದೆ ಬದು. ಮುಂಡಗೋಡ, ಹಳಿಯಾಳದ ಕಡೆ ಮಳೆ ಕಡಿಮೆ, ಬಯಲು ಹೆಚ್ಚು. ಹೊಸಬರು ಅಲ್ಲಿಂದ ಶುರು ಮಾಡುವುದು ಸುಲಭ.

ಘಟ್ಟದ ಕೆಳಗೆ ಚಿರೇಕಲ್ಲಿನ (ಜಂಬಿಟ್ಟಿಗೆಯ) ಹಾಸುಗುಡ್ಡಗಳೇ ಮುಖ್ಯ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಮೇಲಿನ ಗುಡ್ಡ, ಹೊನ್ನಾವರದ ಅಪ್ಸರಕೊಂಡದ ಆಸುಪಾಸು, ಭಟ್ಕಳದ ಕಲ್ಲುಹಾಸುಗಳು ಇಂಥವು. ಮಳೆಗಾಲ ಇಳಿಯುವ ಹೊತ್ತಿಗೆ ಇಂಥ ಕಲ್ಲುಹಾಸಿನ ಮೇಲೆ ಗೇಣುದ್ದ ಹುಲ್ಲು, ಹುಳ ಹಿಡಿಯುವ ಡ್ರೊಸೆರಾ, ನೀಲಿ ಯುಟ್ರಿಕ್ಯುಲೇರಿಯಾ ಎದ್ದು ನಿಂತಿರುತ್ತವೆ. ಅವುಗಳ ಅಂಚಿನಲ್ಲಿ, ಮಣ್ಣು ತುಸು ಆಳವಿರುವಲ್ಲಿ ಗಿಜಿಗಿಜಿ ಬೆಳೆಯುತ್ತದೆ. ಕಾರವಾರದಲ್ಲಿ ಸದಾಶಿವಗಡದ ಗುಡ್ಡದ ಇಳಿಜಾರು ನೋಡಿ. ಕಡಲ ದಂಡೆಯಲ್ಲಾದರೆ ಮರಳಲ್ಲಿ ಹಬ್ಬುವ ರಾವಣನ ಮೀಸೆ ಮತ್ತು ಬಂಗುಡೆ ಬಳ್ಳಿ ಮುಗಿದು ಹುಲ್ಲು ಆರಂಭವಾಗುವ ಪಟ್ಟಿಯಲ್ಲಿ ನಡೆಯಿರಿ. ಗಾಳಿಮರದ ತೋಪಿನ ಒಳಗೆ ಹುಡುಕಿ ಹೊತ್ತು ಕಳೆಯಬೇಡಿ. ಉದುರಿದ ಸೂಜಿಯಂಥ ಎಲೆ ನೆಲ ಮುಚ್ಚಿ, ಬುಡದಲ್ಲಿ ಏನೂ ಏಳುವುದಿಲ್ಲ.

ಯಾವ ತಿಂಗಳು ಒಳ್ಳೇದು?

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಮಳೆ ಬಿಟ್ಟು ಗಿಜಿಗಿಜಿ ಹೂವಾಗಿ ಕಾಯಿ ಕಚ್ಚುವ ಕಾಲ ಅದು. ಪತಂಗಕ್ಕೆ ಗೊತ್ತಾದ ನಿದ್ದೆಗಾಲವಿಲ್ಲ, ಮೇವು ಇರುವಷ್ಟು ದಿನ ಪೀಳಿಗೆ ಮೇಲೆ ಪೀಳಿಗೆ ನಡೆಯುತ್ತದೆ. ಜೂನ್–ಜುಲೈನ ಜಡಿಮಳೆಯಲ್ಲಿ ಕಾಣುವುದು ಕಡಿಮೆ. ಜಗತ್ತಿನ ಪತಂಗ ಸಪ್ತಾಹ ಜುಲೈ ಕೊನೆಯಲ್ಲಿ ಬೀಳುವುದರಿಂದ ನಮ್ಮ ಜಿಲ್ಲೆಯ ಶಾಲೆಗಳಿಗೆ ಅದು ಅನುಕೂಲದ ವಾರವಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ದೀಪಾವಳಿ ಆಸುಪಾಸು ಹೋಗಿ.

ದಿನದ ಹೊತ್ತು ಕೇಳಿದರೆ, ಇಬ್ಬನಿ ಆರಿದ ಮೇಲೆ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದು.

## ಮೇವಿನ ಗಿಡ

ಗಿಜಿಗಿಜಿ ಅಂದ್ರೆ ಯಾವುದು? ಚಗಟೆಯಾ?

ಚಗಟೆ ಅಲ್ಲ. ಇಬ್ಬರಲ್ಲಿ ಒಬ್ಬರು ಇಲ್ಲೇ ಎಡವುತ್ತಾರೆ. ಎರಡರದ್ದೂ ಹಳದಿ ಹೂವು, ಎರಡೂ ರಸ್ತೆ ಬದಿ. ಚಗಟೆಯ ಹೂವಿಗೆ ಬಿಡಿಬಿಡಿಯಾದ ಐದು ಎಸಳು, ಕಾಯಿ ತೆಳ್ಳಗೆ ಉದ್ದ. ಗಿಜಿಗಿಜಿಯ ಹೂವು ಅವರೆ ಹೂವಿನ ಆಕಾರ, ಮೇಲೊಂದು ಬಾವುಟದಂಥ ಎಸಳು, ಕೆಳಗೆ ದೋಣಿಯಂಥದ್ದು. ಕಾಯಿ ಊದಿಕೊಂಡ ಕೊಳವೆ. ಒಣಗಿದಾಗ ಬೀಜ ಒಳಗೆ ಬಿಡಿಯಾಗಿ, ಅಲ್ಲಾಡಿಸಿದರೆ ಗೆಜ್ಜೆಯಂತೆ ಗಿಜಿಗಿಜಿ ಎನ್ನುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಸಸ್ಯಶಾಸ್ತ್ರದಲ್ಲಿ ಈ ಕುಲ ಕ್ರೊಟಲೇರಿಯಾ.

ನಮ್ಮ ಭಾಗದಲ್ಲಿ ಮುಖ್ಯವಾಗಿ ಗುರುತಿಸಿಕೊಳ್ಳಬೇಕಾದವು ನಾಲ್ಕು. ಕ್ರೊಟಲೇರಿಯಾ ರೆಟ್ಯೂಸಾ: ಒಂಟಿ ಎಲೆ, ತುದಿ ಮೊಂಡಾಗಿ ನಡುವೆ ಸ್ವಲ್ಪ ತಗ್ಗು, ದೊಡ್ಡ ಹಳದಿ ಹೂವಿನ ಬೆನ್ನಿಗೆ ಕೆಂಪು ನರ, ಹಣ್ಣಾದ ಕಾಯಿ ಕಪ್ಪು. ಹುಳ ಹುಡುಕಲು ಮೊದಲು ನೋಡಬೇಕಾದ್ದು ಇದನ್ನೇ. ಕ್ರೊಟಲೇರಿಯಾ ವೆರುಕೋಸಾ: ಮೂಲೆಮೂಲೆಯಾದ ಕಾಂಡ, ಅಗಲ ಎಲೆ, ನೀಲಿ–ನೇರಳೆ ಹೂವು. ಕ್ರೊಟಲೇರಿಯಾ ಪಲ್ಲಿಡಾ: ಮೂರು ಎಲೆಯ ಗರಿ, ಹಳದಿ ಹೂವಿನ ಮೇಲೆ ಕಂದುಗೆಂಪು ಗೀರು. ಆಫ್ರಿಕಾ ಮೂಲದ ಈ ಗಿಡ ಈಗ ರಸ್ತೆ ಬದಿಯಲ್ಲೆಲ್ಲ ನೆಲೆಯೂರಿದೆ. ಕ್ರೊಟಲೇರಿಯಾ ಜುನ್ಸಿಯಾ: ಹಸಿರುಗೊಬ್ಬರಕ್ಕೆ ಬಿತ್ತುವ ಸೆಣಬು, ಆಳೆತ್ತರ, ಕಿರಿದಾದ ಎಲೆ. ಕಲ್ಲುಹಾಸಿನ ಮೇಲೆ ನೆಲಕ್ಕಂಟಿ ಬೆಳೆಯುವ ಸಣ್ಣ ಜಾತಿಗಳೂ ಇವೆ. ಬಗ್ಗಿ ನೋಡದಿದ್ದರೆ ಅವು ಕಣ್ಣಿಗೇ ಬೀಳುವುದಿಲ್ಲ.

ಗಿಜಿಗಿಜಿ ಒಂದೂ ಇಲ್ಲದ ಗದ್ದೆಯಲ್ಲಿ ಈ ಪತಂಗ ಕಂಡಿದೆ. ಅಲ್ಲಿ ಏನು ತಿಂತದೆ?

ಬೊರಾಜಿನೇಸೀ ಕುಟುಂಬದ ಗಿಡಗಳನ್ನು. ಕೊಯ್ಲಾದ ಗದ್ದೆ, ಕೆರೆ ದಂಡೆಯಲ್ಲಿ ಹೆಲಿಯೋಟ್ರೋಪಿಯಂ ಇಂಡಿಕಂ ಹುಡುಕಿ. ಸುಕ್ಕುಗಟ್ಟಿದ ಒರಟು ಎಲೆ, ಚೇಳಿನ ಬಾಲದಂತೆ ಸುರುಳಿ ಸುತ್ತಿದ ಗೊಂಚಲು, ಅದರ ಬೆನ್ನಮೇಲೆ ಎರಡು ಸಾಲು ಕಿರುಹೂವು. ಬಯಲುಸೀಮೆಗೆ ತಾಗಿದ ತಾಲ್ಲೂಕುಗಳಲ್ಲಿ ಕತ್ತೆತುಂಬೆಯನ್ನೂ ನೋಡಿ. ತಿಳಿನೀಲಿ ಹೂವು ತಲೆ ತಗ್ಗಿಸಿಕೊಂಡಿರುತ್ತದೆ.

ಅವರೆ ಬಳಗದ ಗಿಜಿಗಿಜಿಗೂ ಚೇಳುಬಾಲದ ಗಿಡಕ್ಕೂ ನಂಟಿಲ್ಲ. ಆದರೂ ಪತಂಗ ಎರಡನ್ನೂ ಆರಿಸಿಕೊಳ್ಳುವುದು, ಎರಡರಲ್ಲೂ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಒಂದೇ ಬಗೆಯ ವಿಷ ಇರುವುದರಿಂದ. ಪತಂಗ ಹುಡುಕುವುದು ಗಿಡದ ಕುಲವನ್ನಲ್ಲ, ಅದರ ರಸವನ್ನು.

ಕಮ್ಯುನಿಸ್ಟ್ ಗಿಡದ (ಕ್ರೊಮೊಲೀನಾ ಕಳೆಯ) ಹೂವಿನ ಮೇಲೆ ಕೂತಿತ್ತು. ಅದನ್ನೂ ತಿಂತದಾ?

ಪತಂಗ ಮಕರಂದ ಕುಡಿಯಲು ಹಲವು ಹೂವಿಗೆ ಹೋಗುತ್ತದೆ. ಮೊಟ್ಟೆ ಇಟ್ಟಿದ್ದರೆ, ಹುಳ ಕಡಿದ ಗುರುತಿದ್ದರೆ ಮಾತ್ರ ಅದನ್ನು ಮೇವಿನ ಗಿಡ ಎಂದು ಬರೆಯಿರಿ. ಹೂವಿನ ಮೇಲೆ ಕೂತದ್ದನ್ನೆಲ್ಲ ಮೇವಿನ ಪಟ್ಟಿಗೆ ಸೇರಿಸಿದ ತಪ್ಪು ದಾಖಲೆಗಳು ಬೇಕಾದಷ್ಟಿವೆ.

ಹಿತ್ತಲಲ್ಲಿ ಗಿಜಿಗಿಜಿ ಬೆಳೆಸಬೇಕು. ಬೀಜ ಹಾಕಿದೆ, ಮೊಳಕೆಯೇ ಬರಲಿಲ್ಲ.

ಬೀಜದ ಸಿಪ್ಪೆ ಗಡಸು, ನೀರು ಒಳಗಿಳಿಯುವುದಿಲ್ಲ. ಎರಡು ದಾರಿ ಇವೆ. ಒಂದು, ಮರಳುಕಾಗದದ ನಡುವೆ ಬೀಜ ಇಟ್ಟು ಹೊಳಪು ಹೋಗುವವರೆಗೆ ಉಜ್ಜುವುದು. ಇನ್ನೊಂದು, ಕುದಿಸಿದ ನೀರನ್ನು ಇಳಿಸಿ ಎರಡು ನಿಮಿಷ ಬಿಟ್ಟು, ಅದರಲ್ಲಿ ಬೀಜ ಹಾಕಿ ರಾತ್ರಿಯಿಡೀ ನೆನೆಸುವುದು. ಬೆಳಿಗ್ಗೆ ಉಬ್ಬಿದ ಬೀಜ ಮಾತ್ರ ಬಿತ್ತಿ. ಉಬ್ಬದವನ್ನು ಮತ್ತೆ ಉಜ್ಜಿ.

ಒಂದು ಸೆಂಟಿಮೀಟರ್ ಆಳ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಪೂರ್ತಿ ಬಿಸಿಲು ಬೇಕು. ಗೊಬ್ಬರ ಬೇಡ, ಬೇರಿನ ಗಂಟುಗಳೇ ಸಾರಜನಕ ಹಿಡಿದುಕೊಡುತ್ತವೆ. ಗೊಬ್ಬರ ಹೆಚ್ಚಾದರೆ ಸೊಪ್ಪು ಬರುತ್ತದೆ, ಹೂವು ತಡವಾಗುತ್ತದೆ. ಕರಾವಳಿಯಲ್ಲಿ ಜೂನ್‌ನಲ್ಲಿ ಬಿತ್ತಿದ ಸಸಿ ನೀರು ನಿಂತು ಬುಡ ಕೊಳೆಯುವುದೇ ಹೆಚ್ಚು. ಆಗಸ್ಟ್ ಕೊನೆಗೆ ಏರು ಮಡಿ ಮಾಡಿ ಬಿತ್ತಿ. ಹತ್ತು–ಹನ್ನೆರಡು ಗಿಡಗಳಾದರೂ ಇರಲಿ. ಎರಡೇ ಗಿಡ ಇದ್ದರೆ ಒಂದು ಸಂಸಾರದ ಹುಳ ವಾರದಲ್ಲಿ ಅದನ್ನು ಬೋಳಿಸಿ, ಆಮೇಲೆ ಹಸಿದು ಸಾಯುತ್ತದೆ.

ಬೀಜ ನಿಮ್ಮೂರಿನ ಗುಡ್ಡದ್ದೇ ಆಗಿರಲಿ. ಚಂದದ ಹೂವೆಂದು ದೂರದ ನರ್ಸರಿಯಿಂದ ಹೊರದೇಶದ ಕ್ರೊಟಲೇರಿಯಾ ತಂದು ಬೇಣಕ್ಕೆ ಬಿಡಬೇಡಿ.

ದನ ತಿಂದ್ರೆ ಅಪಾಯವಾ? ಮನೆಯಲ್ಲಿ ಸಣ್ಣ ಮಕ್ಕಳೂ ಇದ್ದಾರೆ.

ಹೌದು, ಇದನ್ನು ಹಗುರ ಮಾಡಬೇಡಿ. ರೆಟ್ಯೂಸಾದ ಬೀಜದಲ್ಲಿರುವ ಮೊನೊಕ್ರೊಟಲಿನ್ ಯಕೃತ್ತನ್ನು ಕೆಡಿಸುತ್ತದೆ. ಒಂದೇ ಸಲಕ್ಕೆ ಗೊತ್ತಾಗದೆ ತಿಂಗಳುಗಟ್ಟಲೆ ಕೂಡಿಕೊಂಡು ಕಾಯಿಲೆ ತರುವುದು ಇದರ ಗುಣ. 1970ರ ದಶಕದಲ್ಲಿ ಸರ್ಗುಜಾ ಜಿಲ್ಲೆಯಲ್ಲಿ, ಆಗ ಮಧ್ಯಪ್ರದೇಶ, ಈಗ ಛತ್ತೀಸಗಡ, ಕಿರುಧಾನ್ಯದಲ್ಲಿ ಕ್ರೊಟಲೇರಿಯಾ ಬೀಜ ಬೆರೆತು ಜನರಿಗೆ ಹೊಟ್ಟೆಯಲ್ಲಿ ನೀರು ತುಂಬುವ ಯಕೃತ್ತಿನ ರೋಗ ಬಂದು ಸಾವುಗಳೂ ಆದವು.

ಮೇಯಲು ಬಿಟ್ಟ ದನ ಹಸಿ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯ ಇರುವುದು ಕೊಯ್ದು ಹಾಕುವ ಹುಲ್ಲಿನಲ್ಲಿ. ಕರಡದ ಕಟ್ಟಿನಲ್ಲಿ ಒಣಗಿದ ಗಿಜಿಗಿಜಿ ಸೇರಿದರೆ ದನ ಆರಿಸಿ ಬಿಡಲಾರದು. ಕೊಯ್ಯುವಾಗಲೇ ಗಿಡವನ್ನು ಬಿಟ್ಟು ಕತ್ತಿ ಹಾಕಿ. ಹಿತ್ತಲಲ್ಲಿ ಬೆಳೆಸುವವರು ಕೊಟ್ಟಿಗೆಯಿಂದ, ಧಾನ್ಯ ಒಣಗಿಸುವ ಅಂಗಳದಿಂದ ದೂರ ಬೆಳೆಸಿ. ಮಕ್ಕಳು ಒಣ ಕಾಯಿ ಅಲ್ಲಾಡಿಸಿ ಆಡಲಿ, ಬೀಜ ಬಾಯಿಗೆ ಹಾಕದಂತೆ ಕಣ್ಣಿಟ್ಟಿರಿ.

ಗೊಬ್ಬರಕ್ಕೆ ಸೆಣಬು ಬಿತ್ತಿದ್ದೆ, ಹುಳ ಬಿದ್ದಿದೆ. ಔಷಧಿ ಹೊಡೀಲಾ?

ಹಸಿರುಗೊಬ್ಬರಕ್ಕಾದರೆ ಬೇಡ. 45–50 ದಿನಕ್ಕೆ, ಹೂವು ಶುರುವಾಗುವ ಹೊತ್ತಿಗೆ ಹೇಗೂ ಉಳುಮೆ ಮಾಡಿ ಮಣ್ಣಿಗೆ ಸೇರಿಸುತ್ತೀರಿ. ಹುಳ ತಿಂದ ಸೊಪ್ಪೂ ಹಿಕ್ಕೆಯಾಗಿ ಅದೇ ಮಣ್ಣಿಗೆ ಬೀಳುತ್ತದೆ. ಬೀಜಕ್ಕೆಂದು ಬಿಟ್ಟ ಬೆಳೆಯಲ್ಲಿ ಮಾತ್ರ ನಷ್ಟವಿದೆ. ಹುಳ ಹಸಿ ಕಾಯಿ ಕೊರೆದು ಬೀಜ ತಿನ್ನುತ್ತದೆ. ಆಗಲೂ ಮೊದಲು ಕೈಯಿಂದ ಆರಿಸಿ. ಹುಳದ ಬಣ್ಣ ಎದ್ದು ಕಾಣುವುದರಿಂದ ಇದು ಕಷ್ಟದ ಕೆಲಸವಲ್ಲ. ಆರಿಸಿದ್ದನ್ನು ಗದ್ದೆ ಬದುವಿನ ಕಾಡು ಗಿಜಿಗಿಜಿಗೆ ಬಿಟ್ಟರೆ ಸಾಯಿಸುವ ಅಗತ್ಯವೂ ಇಲ್ಲ.

## ಸಾಕಣೆ

ಹುಳ ತಂದು ಡಬ್ಬಿಯಲ್ಲಿಟ್ಟರೆ ಪ್ರತಿ ಸಲ ಸಾಯ್ತದೆ. ಎಲ್ಲಿ ತಪ್ಪಾಗ್ತಿದೆ?

ಸಾಮಾನ್ಯವಾಗಿ ತೇವ ಹೆಚ್ಚಾಗಿರುತ್ತದೆ. ನಮ್ಮ ಹವೆಯಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಒಳಗೆ ರಾತ್ರಿ ಬೆಳಗಾಗುವುದರೊಳಗೆ ನೀರು ಬೆವೆತು, ಹಿಕ್ಕೆಗೆ ಬೂಸ್ಟು ಬಂದು, ಹುಳ ಮೆತ್ತಗಾಗಿ ಕರಗುತ್ತದೆ. ಹೀಗೆ ಮಾಡಿ:

ಒಂದು ಲೀಟರಿನ ಅಗಲ ಬಾಯಿಯ ಡಬ್ಬಿ, ಮುಚ್ಚಳದ ಬದಲು ಸೊಳ್ಳೆಪರದೆ ಬಟ್ಟೆ ಮತ್ತು ರಬ್ಬರ್. ಒಂದರಲ್ಲಿ ನಾಲ್ಕೈದು ಹುಳಕ್ಕಿಂತ ಹೆಚ್ಚು ಬೇಡ. ತಳಕ್ಕೆ ಹಳೆ ಪತ್ರಿಕೆಯ ಹಾಳೆ, ದಿನಕ್ಕೊಮ್ಮೆ ಬದಲಿಸಿ. ರೆಂಬೆಯ ಬುಡಕ್ಕೆ ಒದ್ದೆ ಹತ್ತಿ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ. ತೆರೆದ ನೀರಿನ ಲೋಟ ಇಟ್ಟರೆ ಹುಳ ಇಳಿದು ಮುಳುಗುತ್ತದೆ. ಎಲೆಯನ್ನು ತೊಳೆದಿದ್ದರೆ ಬಟ್ಟೆಯಲ್ಲಿ ಒರೆಸಿಯೇ ಕೊಡಿ. ತಂದಾಗ ಯಾವ ಗಿಡದ ಮೇಲಿತ್ತೋ ಅದನ್ನೇ ಕೊಡಿ. ವೆರುಕೋಸಾ ತಿಂದು ಬೆಳೆದ ಹುಳ ನಡುವಲ್ಲಿ ಪಲ್ಲಿಡಾ ಮುಟ್ಟದೆ ಕೂರಬಹುದು. ಎಲೆಯ ಜೊತೆ ಹಸಿ ಕಾಯಿ ಇದ್ದರೆ ಬೆಳವಣಿಗೆ ಚೆನ್ನಾಗಿರುತ್ತದೆ. ಪೊರೆ ಬಿಡುವ ದಿನ ಹುಳ ತಿನ್ನದೆ ಅಲ್ಲಾಡದೆ ಕೂರುತ್ತದೆ. ಸತ್ತಿತೆಂದು ಎತ್ತಿ ಎಸೆಯಬೇಡಿ, ಕೀಳಲೂ ಬೇಡಿ.

ಮೈ ತುಂಬಿದ ಹುಳ ಡಬ್ಬಿಯ ಗೋಡೆಯುದ್ದಕ್ಕೂ ಓಡಾಡತೊಡಗಿತೆಂದರೆ ಕೋಶ ಕಟ್ಟುವ ಹೊತ್ತು. ಎರಡು ಬೆರಳು ದಪ್ಪಕ್ಕೆ ಒಣ ದರಕು (ಉದುರಿದ ಎಲೆ) ಹಾಕಿ. ದರಕಿನ ನಡುವೆ ತೆಳು ರೇಷ್ಮೆಯ ಬಲೆ ನೇಯ್ದು ಒಳಗೆ ಕಂದು ಕೋಶವಾಗುತ್ತದೆ. ಆಮೇಲೆ ಮುಟ್ಟಬೇಡಿ. ಒರಟು ಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿರಿ. ಹೊರಬಂದ ಪತಂಗ ಹತ್ತಿ ತೂಗಾಡಲು ಜಾಗ ಸಿಗದಿದ್ದರೆ ರೆಕ್ಕೆ ಮುದುಡಿಯೇ ಉಳಿಯುತ್ತದೆ. ಮಳೆ ಬಿಟ್ಟ ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಹೆಚ್ಚುಕಡಿಮೆ ಒಂದು ತಿಂಗಳು, ಚಳಿ ಬಿದ್ದರೆ ಇನ್ನೂ ಕೆಲವು ದಿನ.

ಎಲ್ಲ ಸರಿಯಿದ್ದೂ ಕೋಶದಿಂದ ನೊಣವೋ ಸಣ್ಣ ಕಣಜವೋ ಹೊರಬಂದರೆ ಅದು ನಿಮ್ಮ ತಪ್ಪಲ್ಲ. ಬೇಣದಲ್ಲಿದ್ದಾಗಲೇ ಪರಾವಲಂಬಿ ಮೊಟ್ಟೆಯಿಟ್ಟು ಹೋಗಿತ್ತು. ಅದನ್ನೂ ದಿನಾಂಕ ಹಾಕಿ ಬರೆದಿಡಿ, ಫೋಟೋ ತೆಗೆಯಿರಿ. ಇಂಥ ದಾಖಲೆ ಸಿಗುವುದು ಸಾಕಿದವರಿಂದ ಮಾತ್ರ.

ಹುಳ ಸಾಕಿ ಬರೆದಿಡುವ ಕೆಲಸಕ್ಕೆ ಈ ಜಿಲ್ಲೆಯಲ್ಲಿ ಹಳೆಯ ಪರಂಪರೆಯೇ ಇದೆ. ಅರಣ್ಯ ಇಲಾಖೆಯಲ್ಲಿದ್ದ ಟಿ. ಆರ್. ಬೆಲ್ ಉತ್ತರ ಕನ್ನಡದ ಕಾಡುಗಳಲ್ಲಿ ಚಿಟ್ಟೆ–ಪತಂಗಗಳ ಮರಿಹುಳ ಸಾಕಿ ಮೇವಿನ ಗಿಡಗಳನ್ನು ದಾಖಲಿಸಿದರು. ನಿವೃತ್ತಿಯ ಮೇಲೆ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲೇ ತೀರಿಕೊಂಡರು.

## ವಿಷದ ವ್ಯವಹಾರ

ಇಷ್ಟು ಎದ್ದು ಕಾಣ್ತದೆ, ನಿಧಾನ ಹಾರ್ತದೆ. ಹಕ್ಕಿ ಯಾಕೆ ತಿನ್ನೋದಿಲ್ಲ?

ಕೆಂಪು–ಕಪ್ಪು–ಬಿಳಿ ಬಣ್ಣವೇ ‘ನಾನು ಕಹಿ’ ಎಂಬ ಎಚ್ಚರಿಕೆ. ಹುಳವಾಗಿದ್ದಾಗ ಗಿಡದಿಂದ ತಿಂದ ಆಲ್ಕಲಾಯ್ಡ್ ಕೋಶವನ್ನೂ ದಾಟಿ ಪತಂಗದ ಮೈಯಲ್ಲಿ ಉಳಿಯುತ್ತದೆ. ಇದರ ಅಮೆರಿಕದ ಸೋದರಿ ಯುಟೆಥೀಸಾ ಆರ್ನಾಟ್ರಿಕ್ಸ್ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಐಸ್ನರ್, ಜೆರಾಲ್ಡ್ ಮೈನ್ವಾಲ್ಡ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೆಲಸ ಮಾಡಿದರು. ಬಲೆಗೆ ಬಿದ್ದ ಆ ಪತಂಗವನ್ನು ಅಲ್ಲಿಯ ಬಂಗಾರದ ಬಲೆಯ ಜೇಡ ಮುಟ್ಟಿ ನೋಡಿ, ಸುತ್ತಲಿನ ಎಳೆಗಳನ್ನು ತಾನೇ ಕತ್ತರಿಸಿ ಬಿಟ್ಟುಬಿಡುತ್ತದೆ. ಆಲ್ಕಲಾಯ್ಡ್ ಇಲ್ಲದ ಮೇವಿನಲ್ಲಿ ಸಾಕಿದ ಅದೇ ಪತಂಗವನ್ನು ತಿಂದುಹಾಕುತ್ತದೆ. ನಮ್ಮ ಕಾಡಂಚಿನ ದೊಡ್ಡ ಬಂಗಾರದ ಬಲೆಯ ಜೇಡ, ನೆಫಿಲಾ, ಅದೇ ಬಳಗದ್ದು. ತಾಳ್ಮೆ ಇದ್ದವರು ಇಲ್ಲೂ ಕಾದು ನೋಡಬಹುದು.

ಹುಳಕ್ಕೇ ಆ ವಿಷ ಯಾಕೆ ತಾಗೋದಿಲ್ಲ?

ಗಿಡದಲ್ಲಿ ಈ ಆಲ್ಕಲಾಯ್ಡ್ ಬಹುಪಾಲು ಎನ್–ಆಕ್ಸೈಡ್ ರೂಪದಲ್ಲಿರುತ್ತದೆ, ಆ ರೂಪ ನಿರುಪದ್ರವಿ. ತಿಂದ ಪ್ರಾಣಿಯ ಕರುಳಿನಲ್ಲಿ ಅದು ಆಮ್ಲಜನಕ ಕಳೆದುಕೊಂಡು ಜೀವಕೋಶಕ್ಕೆ ಸುಲಭವಾಗಿ ನುಗ್ಗುವ ರೂಪಕ್ಕೆ ಬರುತ್ತದೆ. ದನದ ಯಕೃತ್ತು ಅದನ್ನು ಒಡೆಯಲು ಹೋಗಿ ಇನ್ನೂ ಘೋರ ವಿಷ ತಯಾರಿಸಿಕೊಂಡು ತಾನೇ ಕೆಡುತ್ತದೆ. ಟೈಗರ್ ಪತಂಗಗಳ ಹುಳದ ರಕ್ತದಲ್ಲಿ ಒಂದು ಕಿಣ್ವವಿದೆ. ಅದು ಒಳಬಂದ ಆಲ್ಕಲಾಯ್ಡನ್ನು ಮತ್ತೆ ಎನ್–ಆಕ್ಸೈಡ್ ಮಾಡಿಬಿಡುತ್ತದೆ. ಹೀಗೆ ವಿಷ ಹುಳದ ಮೈಯಲ್ಲಿ ಬೀಗ ಹಾಕಿದಂತೆ ಉಳಿದು, ತಿನ್ನಲು ಬಂದವರ ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಗಂಡು ಹೆಣ್ಣಿಗೆ ವಿಷವನ್ನೇ ಉಡುಗೊರೆ ಕೊಡ್ತದೆ ಅಂತ ಕೇಳಿದ್ದೆ, ನಿಜವಾ?

ಆರ್ನಾಟ್ರಿಕ್ಸ್‌ನಲ್ಲಿ ಇದು ಸಿದ್ಧಪಟ್ಟ ಮಾತು. ಸಂಜೆ ಹೆಣ್ಣು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಹತ್ತಿರ ಬಂದ ಗಂಡು ಹೊಟ್ಟೆಯ ತುದಿಯಿಂದ ಕುಂಚದಂಥ ರೋಮಗುಚ್ಛ ಹೊರಚಾಚಿ ತನ್ನ ವಾಸನೆ ಹರಡುತ್ತದೆ. ಅದರ ಹೆಸರು ಹೈಡ್ರಾಕ್ಸಿಡಾನೈಡಲ್, ಅದೂ ಮೇವಿನ ಆಲ್ಕಲಾಯ್ಡಿನಿಂದಲೇ ತಯಾರಾದದ್ದು. ವಾಸನೆ ಗಾಢವಾಗಿದ್ದರೆ ಆ ಗಂಡಿನ ಮೈಯಲ್ಲಿ ವಿಷದ ದಾಸ್ತಾನೂ ಹೆಚ್ಚು. ಕೂಡುವಾಗ ಆ ದಾಸ್ತಾನಿನ ಒಂದು ಪಾಲನ್ನು ವೀರ್ಯದ ಪೊಟ್ಟಣದೊಂದಿಗೆ ಹೆಣ್ಣಿಗೆ ಕೊಡುತ್ತದೆ. ಹೆಣ್ಣು ಅದಕ್ಕೆ ತನ್ನದನ್ನೂ ಸೇರಿಸಿ ಮೊಟ್ಟೆಗಳಿಗೆ ಹಂಚುತ್ತದೆ. ಮೊಟ್ಟೆ ಇರುವೆಗೆ ರುಚಿಸದಿರಲು ಇದೇ ಕಾರಣ. ಬೀಜದಲ್ಲಿ ವಿಷ ಹೆಚ್ಚು, ಅದಕ್ಕಾಗಿಯೇ ಹುಳ ಎಲೆ ಬಿಟ್ಟು ಕಾಯಿಗೆ ನುಗ್ಗುವುದು.

## ಲೆಕ್ಕ ಮತ್ತು ದಾಖಲೆ

ನಮ್ಮೂರ ಬೇಣದಲ್ಲಿ ಕಡಿಮೆ ಆಗ್ತಿದೆಯಾ ಅಂತ ತಿಳಿಯೋದು ಹೇಗೆ?

ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ರೀತಿ ಎಣಿಸಬೇಕು. 50 ಮೀಟರ್ ಉದ್ದದ ನೇರ ಗೆರೆಗೆ ಎರಡು ತುದಿಗೆ ಕಲ್ಲು ನೆಡಿ. ಎಡಕ್ಕೊಂದು ಮೀಟರ್, ಬಲಕ್ಕೊಂದು ಮೀಟರ್ ಕೋಲಿನಿಂದ ಹುಲ್ಲನ್ನು ಮೆಲ್ಲಗೆ ಸವರುತ್ತ ಐದು ನಿಮಿಷದಲ್ಲಿ ನಡೆಯಿರಿ. ಎದ್ದವನ್ನು ಎಣಿಸಿ, ಹಿಂದಕ್ಕೆ ಹಾರಿದ್ದನ್ನು ಮತ್ತೆ ಎಣಿಸಬೇಡಿ. ಒಂದು ಬೇಣಕ್ಕೆ ಇಂಥ ನಾಲ್ಕು ಗೆರೆ ಸಾಕು. ಹದಿನೈದು ದಿನಕ್ಕೊಮ್ಮೆ, ಸೆಪ್ಟೆಂಬರ್‌ನಿಂದ ಜನವರಿ. ಜೊತೆಗೆ ಅದೇ ಗೆರೆಯಲ್ಲಿ ಎಷ್ಟು ಗಿಜಿಗಿಜಿ ಗಿಡ, ಹೂವೋ ಕಾಯೋ, ಬಿಸಿಲೋ ಮೋಡವೋ ಎಂದೂ ಬರೆಯಿರಿ. ಗಿಡದ ಲೆಕ್ಕವಿಲ್ಲದೆ ಪತಂಗದ ಲೆಕ್ಕಕ್ಕೆ ಅರ್ಥ ಬರುವುದಿಲ್ಲ. ಸೊನ್ನೆ ಬಂದ ದಿನವನ್ನು ತಪ್ಪದೇ ಬರೆಯಿರಿ. ಜನ ಬಿಟ್ಟುಬಿಡುವುದು ಅದನ್ನೇ.

ಒಂದು ವರ್ಷದ ಏರಿಳಿತಕ್ಕೆ ಗಾಬರಿಯಾಗಬೇಡಿ. ಇದು ದೂರ ವಲಸೆ ಹೋಗುವ ಪತಂಗ. ಯುರೋಪಿನ ತೆಂಕಣ ಭಾಗದಿಂದ ಕಡಲು ದಾಟಿ ಬ್ರಿಟನ್ನಿಗೂ ಹೋಗುತ್ತದೆ. ನಾಲ್ಕೈದು ವರ್ಷದ ಲೆಕ್ಕ ಕೂಡಿದ ಮೇಲೆ ಮಾತಾಡಿ.

ಫೋಟೋ ಹೇಗೆ ತೆಗೆದ್ರೆ ಗುರುತಿಸೋಕೆ ಆಗ್ತದೆ?

ಮೇಲಿನಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದರೆ ಹಾರಲು ರೆಕ್ಕೆ ಬಿಚ್ಚಿದ ಕ್ಷಣದ ಹಿಂದಿನ ರೆಕ್ಕೆ, ಕೂತ ಗಿಡದ ಎಲೆ–ಹೂವು. ಊರು, ದಿನಾಂಕ, ಹೊತ್ತು ಸೇರಿಸಿ. ಐ–ನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ತಿಳಿದವರು ನೋಡುತ್ತಾರೆ.

## ಬೇಣ ಉಳಿಸುವುದು

ಬೇಸಿಗೆಯಲ್ಲಿ ಬೇಣಕ್ಕೆ ಬೆಂಕಿ ಹಾಕಿದ್ರೆ ಇವೆಲ್ಲ ಸಾಯ್ತವಾ?

ಫೆಬ್ರವರಿ–ಮಾರ್ಚಿನ ಬೆಂಕಿಗೆ ದರಕಿನಲ್ಲಿರುವ ಕೋಶ ಉಳಿಯುವುದಿಲ್ಲ. ಮಣ್ಣೊಳಗಿನ ಗಡಸು ಬೀಜ ಉಳಿದು ಮಳೆಗೆ ಮೊಳೆಯಬಹುದು. ಆದರೆ ಅದನ್ನು ತಿನ್ನಲು ಪತಂಗ ಪಕ್ಕದಿಂದ ಬರಬೇಕು. ಇಡೀ ಗುಡ್ಡ ಒಟ್ಟಿಗೆ ಸುಟ್ಟರೆ ಬರುವುದು ಎಲ್ಲಿಂದ? ಬೆಂಕಿ ಹಾಕದಿರುವುದೇ ಒಳ್ಳೆಯದು. ಪಕ್ಕದ ಬೇಣದ ಬೆಂಕಿ ಹರಿಯುವ ಭಯವಿದ್ದರೆ ಅಂಚಿಗೆ ಹುಲ್ಲು ಹೆರೆದು ನಾಲ್ಕು ಮೀಟರ್ ಬೆಂಕಿರೇಖೆ ಮಾಡಿ.

ಕರಡ ಕೊಯ್ಯುವುದರಿಂದ ಪತಂಗಕ್ಕೆ ತೊಂದರೆಯಿಲ್ಲ. ನಿಜ ಹೇಳಬೇಕೆಂದರೆ ಬೇಣ ಬೇಣವಾಗಿ ಉಳಿದಿರುವುದೇ ಕೊಯ್ಲಿನಿಂದ, ಮೇಯಿಸುವುದರಿಂದ. ನಾಲ್ಕು ವರ್ಷ ಕತ್ತಿ ಹಾಕದೆ ಬಿಟ್ಟರೆ ಕಮ್ಯುನಿಸ್ಟ್ ಗಿಡ ನುಗ್ಗುತ್ತದೆ. ಎರಡು ಬದಲಾವಣೆ ಸಾಕು. ನೆಲಮಟ್ಟಕ್ಕೆ ಕೊಯ್ಯದೆ ಗೇಣೆತ್ತರ ಬಿಡಿ. ಪ್ರತಿ ವರ್ಷ ಬೇರೆ ಬೇರೆ ಅಂಚಿನಲ್ಲಿ ಎರಡು ಮೀಟರ್ ಪಟ್ಟಿಯನ್ನು ಬೀಜ ಉದುರುವವರೆಗೆ, ಅಂದರೆ ಜನವರಿ ಕೊನೆಯವರೆಗೆ ಕೊಯ್ಯದೆ ಉಳಿಸಿ.

ಬೇಣ ಸುಮ್ನೆ ಖಾಲಿ ಬಿದ್ದಿದೆ. ಮರ ನೆಟ್ಟರೆ ಪರಿಸರಕ್ಕೆ ಒಳ್ಳೇದಲ್ವಾ?

ಬೇಣ ಖಾಲಿ ಜಾಗವಲ್ಲ. ಈ ಪ್ರಶ್ನೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಹಾನಿ ಆಗುತ್ತಿರುವುದೂ ಇದರಿಂದಲೇ. ಅಕೇಶಿಯಾ ನೆಟ್ಟ ಐದಾರು ವರ್ಷಕ್ಕೆ ನೆರಳು ಕೂಡಿಕೊಂಡು, ಬೇಗ ಕೊಳೆಯದ ಎಲೆ ಗೇಣುದ್ದ ನೆಲ ಮುಚ್ಚುತ್ತದೆ. ಬಿಸಿಲು ಬೇಕಾದ ಗಿಜಿಗಿಜಿ ಮೊದಲು ಹೋಗುತ್ತದೆ. ಅದರ ಹಿಂದೆ ಈ ಪತಂಗ, ಅರ್ಜಿನಾ, ಒಣಗಿದ ಗಿಜಿಗಿಜಿಯಿಂದ ಅದೇ ಆಲ್ಕಲಾಯ್ಡ್ ಹೀರಲು ಮುತ್ತುವ ನೀಲಿ ಹುಲಿ ಚಿಟ್ಟೆಗಳು ಹೋಗುತ್ತವೆ. ಚಿರೇಕಲ್ಲಿನ ಹಾಸಿಗೆ ಕ್ವಾರಿ ಬಿದ್ದರಂತೂ ಹೋದ ಮಣ್ಣು ಮರಳಿ ಬರುವುದಿಲ್ಲ. ಕಲ್ಲಿನ ಮೇಲಿನ ಆ ನಾಲ್ಕು ಬೆರಳ ಮಣ್ಣು ಸೇರಲು ಹಿಡಿದ ಕಾಲ ಬಹಳ ದೀರ್ಘ.

ಕೆಂಪುಚುಕ್ಕೆ ಪತಂಗ ಅಪರೂಪದ್ದಲ್ಲ. ಆಫ್ರಿಕಾ, ದಕ್ಷಿಣ ಯುರೋಪಿನಿಂದ ಭಾರತದಾಚೆಗೂ ಹಬ್ಬಿದೆ. ಆದರೆ ಒಂದು ಊರಿನ ಬೇಣದಲ್ಲಿ ಅದು ಏಳದೇ ಹೋದರೆ ಆ ಬೇಣದಲ್ಲಿ ಬಿಸಿಲು, ಹುಲ್ಲು, ಗಿಜಿಗಿಜಿ ಮೂರರಲ್ಲಿ ಒಂದಾದರೂ ತಪ್ಪಿದೆ ಎಂದರ್ಥ. ಮರ ನೆಡಲೇಬೇಕಿದ್ದರೆ ಮನೆ ಸುತ್ತ, ರಸ್ತೆ ಬದಿ, ಹಿಂದೆ ಕಾಡಿದ್ದು ಈಗ ಬೋಳಾದ ಕಡೆ ನೆಡಿ. ಮಾವು, ಹಲಸು, ಮುರುಗಲು, ಹೊನ್ನೆ ಅಲ್ಲಿ ಚೆನ್ನಾಗಿ ಬರುತ್ತವೆ. ಬೇಣದ ಅಂಚಿಗೆ ನೆಡುವುದಾದರೆ ಬಡಗಣ ಬದಿಗೆ ಇರಲಿ, ಚಳಿಗಾಲದ ನೆರಳು ಹುಲ್ಲಿನ ಮೇಲೆ ಬೀಳುವುದಿಲ್ಲ.